ಚಿತ್ರದಲ್ಲಿ ಹಾಲು ಕಾಣುವುದಿಲ್ಲ: ಕಳ್ಳಕವಟಗಿಯ ಐದು ಪತ್ರಗಳಿಗೆ ಉತ್ತರ

ಕಲಾಪುಸ್ತಕಗಳ ಕುರಿತ ಈ ಅಂಕಣಕ್ಕೆ ಒಂದೇ ಊರಿನಿಂದ ಐದು ಪತ್ರ ಒಟ್ಟಿಗೆ ಬಂದದ್ದು ಇದೇ ಮೊದಲು. ಟಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಲ್ಲಿ ಜರ್ಮನ್ ಶಿಲ್ಪಿಯೊಬ್ಬರ ಪುಸ್ತಕದ ಕೆಲವು ಪುಟಗಳು ಕೈಯಿಂದ ಕೈಗೆ ಹೋಗಿವೆ. ಶಾಲೆಯಿಂದ ಹೊರಟು ದ್ರಾಕ್ಷಿ ತೋಟದ ಗುಡಿಸಲಿನವರೆಗೆ ಮುಟ್ಟಿವೆ. ನನಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೊಂದಿಲ್ಲ.

ಮೊದಲ ಪತ್ರ: ನಾನು ಚಿತ್ರಕಲಾ ಶಿಕ್ಷಕ. ಪುಣೆಯಲ್ಲಿ ಓದುವ ಹಳೆಯ ವಿದ್ಯಾರ್ಥಿಯೊಬ್ಬ ವೋಲ್ಫ್‌ಗಾಂಗ್ ಲೈಬ್ ಎಂಬ ಕಲಾವಿದರ ಪುಸ್ತಕದಿಂದ ಹತ್ತು ಪುಟ ಕಲರ್ ಝೆರಾಕ್ಸ್ ಮಾಡಿಸಿ ತಂದುಕೊಟ್ಟ. ಒಂದರಲ್ಲಿ ಬರೀ ಬಿಳಿ ಕಲ್ಲು, ಇನ್ನೊಂದರಲ್ಲಿ ನೆಲದ ಮೇಲೆ ಹಳದಿ ಚೌಕ. ಕೃತಿಯನ್ನು ಕಣ್ಣಾರೆ ನೋಡುವ ಯೋಗ ನನಗಿಲ್ಲ. ನೋಡದ ಕೃತಿಯ ಪುಸ್ತಕದಿಂದ ಏನು ಪ್ರಯೋಜನ? ಮಕ್ಕಳಿಗೆ ಏನೆಂದು ತೋರಿಸಲಿ?

ಮಾಸ್ತರರೇ, ಆ ಬಿಳಿ ಕಲ್ಲಿನ ಪುಟವನ್ನೇ ಮತ್ತೊಮ್ಮೆ ತೆಗೆಯಿರಿ. ನೀವು ನೋಡುತ್ತಿರುವುದು ಬರೀ ಕಲ್ಲಲ್ಲ. ಅಮೃತಶಿಲೆಯ ಹಲಗೆಯ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತಗ್ಗಾಗಿ ಉಜ್ಜಿ, ಅದರ ತುಂಬ ಹಾಲು ಎರೆದಿದ್ದಾರೆ. ಹಾಲು ಅಂಚಿನವರೆಗೆ ಬಂದು ನಿಂತಿದೆ. ಕಲ್ಲೂ ಬಿಳಿ, ಹಾಲೂ ಬಿಳಿ. ಹಾಗಾಗಿ ಚಿತ್ರದಲ್ಲಿ ಹಾಲು ಕಾಣುವುದೇ ಇಲ್ಲ. ಹಾಲಿದೆ ಎಂದು ನಮಗೆ ಹೇಳುವುದು ಚಿತ್ರದ ಕೆಳಗಿನ ಸಣ್ಣ ಅಕ್ಷರದ ಸಾಲು. ಈ ಬಗೆಯ ಪುಸ್ತಕವನ್ನು ಓದುವ ಕ್ರಮವೇ ಅದು, ಮೊದಲು ಅಡಿಬರಹ, ಆಮೇಲೆ ಚಿತ್ರ. ವಸ್ತು ಯಾವುದು, ಉದ್ದಗಲ ಎಷ್ಟು, ಯಾವ ವರ್ಷ, ಎಲ್ಲಿ ಇಟ್ಟಿದ್ದರು ಎಂಬುದನ್ನು ಓದಿಕೊಂಡು ಕಣ್ಣು ಮೇಲೆತ್ತಿದರೆ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ.

ಲೈಬ್ ಹುಟ್ಟಿದ್ದು 1950ರಲ್ಲಿ, ದಕ್ಷಿಣ ಜರ್ಮನಿಯ ಮೆಟ್ಸಿಂಗೆನ್‌ನಲ್ಲಿ. ಟ್ಯೂಬಿಂಗೆನ್‌ನಲ್ಲಿ ವೈದ್ಯಕೀಯ ಓದಿದರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯ ದಕ್ಷಿಣ ಭಾರತದ ಹಳ್ಳಿಗಳ ಕುಡಿಯುವ ನೀರಿನ ಶುದ್ಧತೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾದ ಜಿಲ್ಲೆಯವರಾದ ನಿಮಗೆ ಈ ಮಾತು ನನಗಿಂತ ಹೆಚ್ಚು ತಟ್ಟೀತು. ಓದು ಮುಗಿಸಿದ ಮೇಲೆ ಅವರು ವೈದ್ಯ ವೃತ್ತಿಗೆ ಹೋಗಲಿಲ್ಲ. 1972ರಲ್ಲೇ ಕರಿಕಲ್ಲನ್ನು ಮೊಟ್ಟೆಯಾಕಾರಕ್ಕೆ ಉಜ್ಜಿ ಅದಕ್ಕೆ ‘ಬ್ರಹ್ಮಾಂಡ’ ಎಂದು ಹೆಸರಿಟ್ಟಿದ್ದರು. 1975ರಲ್ಲಿ ಮೊದಲ ಹಾಲುಗಲ್ಲು ಮಾಡಿದರು. 1982ರಲ್ಲಿ ವೆನಿಸ್ ದ್ವೈವಾರ್ಷಿಕದ ಜರ್ಮನ್ ಮಂಟಪದಲ್ಲಿ ಅವರ ಕೆಲಸ ಇತ್ತು. ತಮಿಳುನಾಡಿನ ಮದುರೆಯ ಬಳಿಯೂ ಅವರಿಗೆ ಕೆಲಸದ ಜಾಗವಿದೆ.

ಪುಸ್ತಕದ ಚಿತ್ರದಲ್ಲಿ ಸಿಗದ ಮುಖ್ಯ ಸಂಗತಿ ಒಂದಿದೆ. ಆ ಹಾಲನ್ನು ದಿನಾ ತೆಗೆಯಬೇಕು, ಕಲ್ಲು ತೊಳೆಯಬೇಕು, ಮತ್ತೆ ಎರೆಯಬೇಕು. ಪ್ರದರ್ಶನದ ಮೊದಲ ದಿನ ಕಲಾವಿದರು ಎರೆಯುತ್ತಾರೆ, ಮುಂದೆ ದಿನವೂ ಎರೆಯುವವರು ಸಂಗ್ರಹಾಲಯದ ಕೆಲಸಗಾರರು. ಕೃತಿ ಉಳಿಯುವುದು ಕಲ್ಲಿನ ಗಟ್ಟಿತನದಿಂದಲ್ಲ, ಆ ದಿನನಿತ್ಯದ ಕೈಗೆಲಸದಿಂದ. ಫೋಟೋಕ್ಕೆ ಸಿಗುವುದು ಒಂದು ಗಳಿಗೆ ಮಾತ್ರ.

ಮಕ್ಕಳಿಗೆ ಹೀಗೆ ತೋರಿಸಿ. ನೆಲಹಾಸು ಹಾಕುವವರ ಹತ್ತಿರ ಬಿಳಿ ಕಲ್ಲಿನ ತುಂಡೊಂದನ್ನು ಕೇಳಿ ತನ್ನಿ. ಸಮತಟ್ಟಾಗಿ ಇಟ್ಟು ಚಮಚದಿಂದ ನಿಧಾನವಾಗಿ ಹಾಲು ಬಿಡಿ. ಹಾಲು ಅಂಚಿಗೆ ಬಂದು, ಚೆಲ್ಲದೆ, ತುಸು ಉಬ್ಬಿ ನಿಲ್ಲುತ್ತದೆ. ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ: ತಾಸೊಂದು ಕಳೆಯುವಷ್ಟರಲ್ಲಿ ಮೇಲೆ ತೆಳ್ಳನೆಯ ಕೆನೆ ಸುಕ್ಕುಗಟ್ಟಿತು, ಒಂದು ನೊಣ ಬಂತು, ಮಧ್ಯಾಹ್ನಕ್ಕೆ ಹುಳಿ ವಾಸನೆ. ಆಗ ಆ ಕಲ್ಲು ತೊಳೆಯುವ ಕೆಲಸವನ್ನೂ ಮಕ್ಕಳಿಗೇ ಕೊಡಿ. ತೊಳೆದು ಒರೆಸಿದ ಮೇಲೆ ಝೆರಾಕ್ಸ್ ಪುಟ ತೋರಿಸಿ, ಮೊದಲೇ ಬೇಡ.

ಎರಡನೆಯ ಪತ್ರ: ಆ ಹಳದಿ ಚೌಕ ಹೂವಿನ ಪುಡಿ ಅಂತ ಮಾಸ್ತರು ಹೇಳಿದರು. ನಾನು ದ್ರಾಕ್ಷಿ ಬೆಳೆಗಾರ. ಬಳ್ಳಿ ಕತ್ತರಿಸಿ ಚಾಟ್ನಿ ಮಾಡಿದ ಮ್ಯಾಲೆ ಹೂ ಬಿಡೋ ಹೊತ್ತಿಗೆ ಮೋಡ ಕವಿದರ ನಮ್ಮ ಜೀವ ಹಾರ್ತದ. ಅಂಥಾ ಪರಾಗ ಕೂಡಿಹಾಕಿ ನೆಲಕ್ಕ ಸುರಿಯೂದು ಯಾಕ್ರೀ?

ನಿಮ್ಮ ಪ್ರಶ್ನೆಯಲ್ಲಿ ಸಂಕಟ ಇದೆ, ಅದು ನ್ಯಾಯವಾದದ್ದು. ಹೂವಿನ ಹೊತ್ತಿನ ಒಂದು ಮಳೆ ಇಡೀ ವರ್ಷದ ಮನೂಕವನ್ನು (ಒಣದ್ರಾಕ್ಷಿಯನ್ನು) ಕಸಿದುಕೊಳ್ಳಬಲ್ಲದು ಎಂದು ತಿಳಿದವರಿಗೆ ಪರಾಗ ಬರೀ ಬಣ್ಣವಾಗಿ ಕಾಣಲಾರದು.

ಲೈಬ್ ತಮ್ಮ ಊರಿನ ಸುತ್ತಲಿನ ಹುಲ್ಲುಗಾವಲು, ಕಾಡುಗಳಲ್ಲಿ 1977ರಿಂದ ಪರಾಗ ಕೂಡಿಸುತ್ತಿದ್ದಾರೆ. ಚಳಿಗಾಲ ಮುಗಿಯುವಾಗ ಹೇಜಲ್ ಗಿಡದ್ದು, ಮೇ ತಿಂಗಳಲ್ಲಿ ಹಳದಿ ಹೂವಿನ ದಂಡೇಲಿಯನ್‌ದು, ಆಮೇಲೆ ಪೈನ್ ಮರದ್ದು. ಗಿಡದಿಂದ ಗಿಡಕ್ಕೆ ಹೋಗಿ ಕೈಯಿಂದಲೇ ಸೀಸೆಗೆ ತಟ್ಟಿಕೊಳ್ಳಬೇಕು. ಒಂದು ಹಂಗಾಮಿನ ದುಡಿಮೆಗೆ ಸಣ್ಣ ಸೀಸೆಗಳು ತುಂಬುತ್ತವೆ, ಅಷ್ಟೇ. 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 18 ಅಡಿಗೆ 21 ಅಡಿಯ ಹಳದಿ ಹಾಸು ಹಾಸಿದರಲ್ಲ, ಅದಕ್ಕೆ ಬೇಕಾದ ಹೇಜಲ್ ಪರಾಗವನ್ನು 1990ರ ದಶಕದ ನಡುವಿನಿಂದಲೂ ಕೂಡಿಟ್ಟುಕೊಂಡು ಬಂದಿದ್ದರು. ತೆಳುಬಟ್ಟೆಯ ಜರಡಿಯಲ್ಲಿ ಮಂಡಿಯೂರಿ ಸಾಣಿಸಿದರು. ಪ್ರದರ್ಶನ ಮುಗಿದ ಮೇಲೆ ಅದನ್ನು ಎಸೆಯುವುದಿಲ್ಲ, ಮರಳಿ ಸೀಸೆಗೆ ತುಂಬಿಕೊಳ್ಳುತ್ತಾರೆ. ಬಿತ್ತನೆಯ ಜೋಳವನ್ನು ಗಡಿಗೆಯಲ್ಲಿಟ್ಟು ಬಾಯಿ ಕಟ್ಟುವ ಮನೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಿದ್ದರೆ ಯಾಕೆ? ಅಷ್ಟು ಪರಾಗವನ್ನು ಒಟ್ಟಿಗೆ, ಗಾಳಿ ಆಡದ ಜಾಗದಲ್ಲಿ, ಬೇರೇನೂ ಇಲ್ಲದೆ ನೋಡುವ ಅವಕಾಶ ನಿಸರ್ಗ ನಮಗೆ ಕೊಡುವುದಿಲ್ಲ. ಹೊಲದಲ್ಲಿ ಜೋಳ ಹೂವಾಡುವಾಗ ಅಂಗಿಯ ತೋಳಿಗೆ ಮೆತ್ತಿದ ಪುಡಿಯನ್ನು ನಾವು ಕೊಡವಿಕೊಂಡು ಮುಂದೆ ಹೋಗುತ್ತೇವೆ. ಆ ಕೊಡವಿದ್ದನ್ನು ಅವರು ನಿಂತು ನೋಡಿ ಎನ್ನುತ್ತಾರೆ. ನನಗೆ ಅದು ಸಾಕು. ನಿಮಗೆ ಸಾಲದೆ ಹೋದರೆ ಅದರಲ್ಲಿ ತಪ್ಪಿಲ್ಲ.

ಮೂರನೆಯ ಪತ್ರ: ಇಂಥ ಕೃತಿಗಳಿಗೆ ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಅನ್ನಬೇಕೋ ‘ಇನ್‌ಸ್ಟಲೇಷನ್’ ಅನ್ನಬೇಕೋ?

ಎರಡೂ ಬಳಕೆಯಲ್ಲಿವೆ. ಗುಡಿಯಲ್ಲಿ ಪ್ರತಿಷ್ಠಾಪಿಸಿದ ದೇವರನ್ನು ಕದಲಿಸುವುದಿಲ್ಲ. ಈ ಕೃತಿಗಳನ್ನಾದರೋ ಬಿಚ್ಚಿ, ಕಟ್ಟಿ, ಬೇರೆ ಊರಿಗೆ ಒಯ್ಯುತ್ತಾರೆ. ಆದ್ದರಿಂದ ನನಗೆ ‘ಹೂಡು’ ಎಂಬ ಕ್ರಿಯಾಪದ ಹೆಚ್ಚು ಹೊಂದುತ್ತದೆ. ಒಲೆ ಹೂಡುತ್ತೇವೆ, ಬಿಡಾರ ಹೂಡುತ್ತೇವೆ, ನಿಮ್ಮ ಕಡೆ ಗಳೆ ಹೂಡುತ್ತೀರಿ. ಎಲ್ಲವೂ ಬಿಚ್ಚುವ ಹೊತ್ತು ಬರುತ್ತದೆಂದು ತಿಳಿದೇ ಮಾಡುವ ಕೆಲಸ. ‘ಕೃತಿಯನ್ನು ಹೂಡಿದ್ದಾರೆ’ ಎಂದು ಬರೆದು ನೋಡಿ.

ನಾಲ್ಕನೆಯ ಪತ್ರ: ನಾನು ವಿಜಯಪುರದಲ್ಲಿ ಪದವಿ ಓದುತ್ತಿದ್ದೇನೆ. ಲೈಬ್ ಪುಸ್ತಕದ ಪುಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮವರ ಬಗ್ಗೆ ಇಂಥ ಪುಸ್ತಕ ಇದೆಯೇ? ಕನ್ನಡದಲ್ಲಿ?

ತಂಗೀ, ಮೊದಲ ಪ್ರಶ್ನೆಗೆ ಉತ್ತರ ‘ಇದೆ’. ಅದನ್ನು ಅಚ್ಚು ಹಾಕಿದ ಊರು ಕೂಡ ಜರ್ಮನಿಯದೇ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ ಭದ್ರಾವತಿಯಲ್ಲಿ. ಬಾದಾಮಿಯಿಂದ ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ ಅವರ ಶಿಷ್ಯೆ. ಬರೋಡಾ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಚಿತ್ರಕಲೆ ಓದಿದವರು 1990ರ ದಶಕದ ಮೊದಲ ವರ್ಷಗಳಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಮುಂದೆ ಕುಂಕುಮ, ಸೂಜಿದಾರ, ಅಗರಬತ್ತಿ, ಡಾಂಬರಿನ ಡ್ರಮ್ಮು, ತಲೆಗೂದಲು. 2007ರಲ್ಲಿ ಅವರ ಮೇಲಿನ ಪುಸ್ತಕವನ್ನು ಗೊಟ್ಟಿಂಗೆನ್‌ನ ಸ್ಟೈಡಲ್ ಪ್ರಕಾಶನ ಹೊರತಂದಿತು. ಮುದ್ರಣದ ಬಿಗಿಗೆ ಜಗತ್ತಿನಲ್ಲೇ ಹೆಸರಾದ ಮನೆ ಅದು. 2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು, 2020ರಲ್ಲಿ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು.

ಅವರ ಎರಡು ಕೃತಿಗಳ ಮಾತು ಹೇಳುತ್ತೇನೆ. ಒಂದು, ಸೂಜಿಯ ಕಣ್ಣಲ್ಲಿ ಇಡೀ ಉಂಡೆಯಷ್ಟು ದಾರವನ್ನು ಎಳೆದು, ಅಂಥ ಎಳೆಗಳನ್ನೆಲ್ಲ ಸೇರಿಸಿ, ಕುಂಕುಮ ಮತ್ತು ಅಂಟು ಸವರಿ ಹೊಸೆದ ಕೆಂಪು ಹಗ್ಗ. ಗೋಡೆಯಿಂದ ಇಳಿದು ನೆಲದ ಮೇಲೆ ಸುರುಳಿ ಸುತ್ತುತ್ತದೆ. ದೂರದಿಂದ ಕರುಳಿನಂತೆ ಕಾಣುತ್ತದೆ. ಹಗ್ಗದ ತುದಿಗೆ ಬಂದಾಗ ಮಾತ್ರ ಸೂಜಿಗಳ ಗೊಂಚಲು ಮಿಂಚುತ್ತದೆ. ಪುಸ್ತಕದ ಫೋಟೋ ಎಷ್ಟೇ ಒಳ್ಳೆಯದಿರಲಿ, ಆ ದಾರ ಸೂಜಿಯೊಳಗೆ ಹಾದುಹೋದ ಹೊತ್ತನ್ನು ಅದು ತೋರಿಸಲಾರದು. ಹೊಲಿಗೆ ಗೊತ್ತಿದ್ದವರು ಅದನ್ನು ಬೆರಳಲ್ಲೇ ಓದಿಕೊಳ್ಳುತ್ತಾರೆ.

ಇನ್ನೊಂದು, 2009ರ ವೆನಿಸ್ ದ್ವೈವಾರ್ಷಿಕದಲ್ಲಿ ಹೂಡಿದ ‘ಬಿಹೋಲ್ಡ್’. ಸುಮಾರು 4 ಕಿಲೋಮೀಟರ್ ಉದ್ದದ ಕೂದಲ ಹಗ್ಗ, ಅದರಲ್ಲಿ ತೂಗುವ ಕಾರಿನ ಉಕ್ಕಿನ ಬಂಪರುಗಳು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮುಡಿ ಕೊಟ್ಟ ಕೂದಲನ್ನು ಹೊಸೆದು ಮಾಡಿದ ಹಗ್ಗವನ್ನು ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕಟ್ಟುತ್ತಾರಲ್ಲ, ಅದೇ ಈ ಕೃತಿಯ ಬೇರು. ಇದನ್ನು ಹೊರಗಿನವರಿಗೆ ತಿಳಿಸಲು ಇಂಗ್ಲಿಷ್ ಕ್ಯಾಟಲಾಗಿಗೆ ಉದ್ದನೆಯ ಪ್ಯಾರಾ ಬೇಕು. ನಿನಗೆ ಒಂದು ಸಾಲು ಸಾಕು.

ಇಲ್ಲೇ ನಿನ್ನ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ಕಲೆಯ ಬರವಣಿಗೆ ಬಡವಾಗೇನೂ ಇಲ್ಲ. ಶಿವರಾಮ ಕಾರಂತರು ಚಿತ್ರಕಲೆಯ ಮೇಲೆ ಪುಸ್ತಕ ಬರೆದರು, ಅ.ನ. ಸುಬ್ಬರಾಯರು ಕಲಾಮಂದಿರದಿಂದ ಕಲೆಗೆಂದೇ ಪತ್ರಿಕೆ ನಡೆಸಿದರು, ಲಲಿತಕಲಾ ಅಕಾಡೆಮಿ ಕಲಾವಿದರ ಮೇಲೆ ಪುಸ್ತಕಗಳನ್ನು ತಂದಿದೆ. ಆದರೆ ಶೀಲಾ ಗೌಡರಂಥವರ ವಸ್ತುಪ್ರಪಂಚವನ್ನು ಕನ್ನಡದ ಒಳಗಿನಿಂದ, ಪುಟ ತುಂಬ ಚಿತ್ರ ಕೊಟ್ಟು ಬಿಚ್ಚಿಡುವ ದೊಡ್ಡ ಪುಸ್ತಕ ನಮಗೆ ಬೇಕಾಗಿದೆ. ಇಂಗ್ಲಿಷಿನದನ್ನು ಅನುವಾದಿಸಿದರೆ ಆಗದು. ಅಲ್ಲಿ ವಿವರಿಸಿದ್ದು ನಮಗೆ ಗೊತ್ತು. ನಮಗೆ ಬೇಕಾದ ಪ್ರಶ್ನೆಗಳು ಅಲ್ಲಿಲ್ಲ: ಮುಡಿ ಕೊಟ್ಟವರು ಯಾರು, ಆ ಕೂದಲು ಹೊಸೆಯುವ ಕೈಗಳು ಯಾರವು, ಸಗಣಿ ಬಳಿಯುವ ಹೆಣ್ಣುಮಗಳು ಈ ಕೃತಿಯ ಮುಂದೆ ನಿಂತರೆ ಏನಂದಾಳು? ಆ ಪುಸ್ತಕ ಬರೆಯಲು ನಿನ್ನಂಥ ಹೊಟ್ಟೆಕಿಚ್ಚೇ ಬಂಡವಾಳ.

ಬೆಂಗಳೂರಿಗೆ ಹೋದರೆ ಗೋಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನದ ಗ್ರಂಥಾಲಯಕ್ಕೂ, ಮಾಣಿಕ್ಯವೇಲು ಬಂಗಲೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಒಂದೊಂದು ದಿನ ಇಟ್ಟುಕೋ. ಹತ್ತಿರದ್ದೇ ಬೇಕೆಂದರೆ ಬಾದಾಮಿಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಿಲ್ಪ ಮತ್ತು ಚಿತ್ರಕಲೆಯ ಕೇಂದ್ರವಿದೆ. ಲೈಬ್ ಬಗ್ಗೆ ಕೇಳುವಾಗ ಕ್ಲಾಸ್ ಓಟ್‌ಮನ್ ಅವರ 2000ದ ಪುಸ್ತಕ ಕೇಳು, ಮೊದಲ ಓದಿಗೆ ಅದು ಅನುಕೂಲ. 2005ರಲ್ಲಿ ಬಾಸೆಲ್ ಹತ್ತಿರದ ಬೆಯೆಲರ್ ಪ್ರತಿಷ್ಠಾನದ ಪ್ರದರ್ಶನಕ್ಕೆಂದು ಬಂದದ್ದು ಚಿತ್ರಗಳಿಗೆ ಒಳ್ಳೆಯದು.

ಐದನೆಯ ಪತ್ರ: ಮೊಮ್ಮಗಳ ಕೈಲೆ ಬರಿಸೀನ್ರೀ. ಆಷಾಢದಾಗ ನಾ ಮಣ್ಣಿನ ಗುಳ್ಳವ್ವನ್ನ ಮಾಡ್ತೀನಿ, ನಮ್ಮವ್ವನ ಕಾಲದಿಂದ ಬಂದದ್ದು. ಈ ಹುಡುಗಿ ಆ ಜರ್ಮನಿ ಚಿತ್ರ ನೋಡಿದಾಗಿಂದ ‘ಆಯಿ, ನಿನ್ನ ಗುಳ್ಳವ್ವನ ಪುಸ್ತಕ ಮಾಡ್ತೀನಿ’ ಅಂತ ಬೆನ್ನ ಹತ್ತ್ಯಾಳ. ಕಳಿಸಿಕೊಡೂ ದೇವರ ಫೋಟೋ ಇಟ್ಕೊಂಡರ ನಡೀತದೇನ್ರೀ?

ಆಯೀ, ನಡೆಯುತ್ತದೆಯೋ ಇಲ್ಲವೋ ಎಂಬುದು ನಿಮ್ಮ ಮನಸ್ಸಿನ ಮಾತು. ಕಳಿಸಿಕೊಡುವ ಹೊತ್ತಿನ ಚಿತ್ರ ಬೇಡ ಅನ್ನಿಸಿದರೆ ಮೊಮ್ಮಗಳಿಗೆ ಬೇಡವೆಂದೇ ಹೇಳಿ, ಆಗ ಅವಳು ಫೋನು ಕೆಳಗಿಡಬೇಕು. ಮಾಡುವ ಹೊತ್ತಿನದಕ್ಕೆ ಮಾತ್ರ ದಯವಿಟ್ಟು ಒಪ್ಪಿಕೊಳ್ಳಿ. ಆ ಜರ್ಮನ್ ಶಿಲ್ಪಿಯ ಹಾಲಿನ ಕಲ್ಲಿಗೂ ನಿಮ್ಮ ಮಣ್ಣಿಗೂ ಇರುವ ನಂಟು ಅದೇ: ಇಬ್ಬರೂ ಮತ್ತೆ ಮಾಡಬೇಕು, ಪ್ರತಿ ಸಲ ಮೊದಲಿಂದ.

ಇನ್ನು ಮೊಮ್ಮಗಳಿಗೆ. ಫೋಟೋ ತೆಗೆಯುವಾಗ ಗುಳ್ಳವ್ವನ ಮುಖ ಒಂದನ್ನೇ ಹಿಡಿಯಬೇಡ. ಮಣ್ಣು ಕಲಸುವ ಆಯಿಯ ಕೈ ಬೇಕು, ಗುಲಗಂಜಿ ಒತ್ತುವ ಹೆಬ್ಬೆರಳು ಬೇಕು, ಕುಸುಬಿಯ ಕಾಳು ಸಾಲಾಗಿ ಅಂಟಿಸಿದ್ದು ಹತ್ತಿರದಿಂದ ಬೇಕು. ಫ್ಲ್ಯಾಷ್ ಬೇಡ, ಬೆಳಗಿನ ಬೆಳಕು ಬಾಗಿಲಿಂದ ಬರುವಾಗ ತೆಗೆ. ಪಕ್ಕದಲ್ಲಿ ಶಾಲೆಯ ಅಳತೆಪಟ್ಟಿ ಇಟ್ಟು ಒಂದು ಚಿತ್ರ ತೆಗೆ, ಎತ್ತರ ತಿಳಿಯಲಿ. ಆಮೇಲೆ ಪ್ರತಿ ಚಿತ್ರದ ಕೆಳಗೆ ಅಡಿಬರಹ ಬರಿ, ಆಯಿಯನ್ನು ಕೇಳಿ ಕೇಳಿ, ಅವರ ಮಾತಿನಲ್ಲೇ. ‘ಮಣ್ಣು’ ಎಂದಷ್ಟೇ ಬರೆದು ಬಿಡಬೇಡ. ಎರಿಯದೋ ಮಡ್ಡಿಯದೋ, ಯಾವ ಹಳ್ಳದ ದಂಡೆಯದು, ಎಷ್ಟು ನೆನೆಹಾಕಿದ್ದು, ಒಡೆಯದಿರಲೆಂದು ಏನು ಬೆರೆಸಿದ್ದು, ಯಾವ ಮಂಗಳವಾರ ಕೂರಿಸಿದ್ದು, ಯಾರ ಯಾರ ಮನೆಗೆ ಹೊತ್ತೊಯ್ದದ್ದು, ಊರ ಹೊರಗೆ ಬುತ್ತಿ ಉಂಡದ್ದು ಯಾವ ಗಿಡದ ಕೆಳಗೆ. ಮಾಡಿದವರ ಹೆಸರಿನ ಜಾಗದಲ್ಲಿ ಆಯಿಯ ಪೂರ್ತಿ ಹೆಸರು ಬರಿ, ಅವರಿಗೆ ಕಲಿಸಿದ ಅವ್ವನ ಹೆಸರನ್ನೂ ಕೇಳಿ ಬರಿ.