ಕೊಡುವ ಮುನ್ನ ಒಂದು ಮಾತು

ಮಗು, ಮೊದಲ ಸಂಬಳ ಬಂತೆಂದು ತುಮಕೂರಿನಿಂದ ಫೋನ್ ಮಾಡಿದವನು ಜೊತೆಗೊಂದು ಪ್ರಶ್ನೆಯನ್ನೂ ಕೇಳಿದೆ. ದಶಮಾಂಶ ತೆಗೆಯುವುದು ಪಿಎಫ್ ಹಿಡಿಯುವ ಮುಂಚಿನ ಮೊತ್ತದಲ್ಲೋ, ಬ್ಯಾಂಕಿಗೆ ಬಿದ್ದ ದುಡ್ಡಿನಲ್ಲೋ ಎಂದು. ಬ್ಯಾಂಕಿಗೆ ಬಿದ್ದದ್ದರಲ್ಲಿ ತೆಗೆಯಪ್ಪ, ಅಷ್ಟು ಸಾಕು. ನಾನು ಹೇಳಬೇಕೆಂದಿರುವುದು ಅದರಾಚೆಯ ಮಾತು.

ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಹಣ ಕೂಡಿಸುತ್ತಿದ್ದಾಗ ಕೊರಿಂಥದವರಿಗೆ ಬರೆದ ಎರಡನೆಯ ಪತ್ರವಿದೆಯಲ್ಲ, ಅದರ ಎಂಟು, ಒಂಬತ್ತನೆಯ ಅಧ್ಯಾಯಗಳನ್ನು ಓದು. ಎರಡೂ ಅಧ್ಯಾಯಗಳ ಮಾತೇ ಕೊಡುವುದು. ಆದರೆ ಹತ್ತರಲ್ಲೊಂದು ಎಂಬ ಲೆಕ್ಕ ಅಲ್ಲೆಲ್ಲೂ ಬರುವುದಿಲ್ಲ. ಬರುವುದು ಮಕೆದೋನ್ಯದ ಸಭೆಗಳ ಸುದ್ದಿ. ಕಡುಬಡತನದಲ್ಲಿದ್ದ ಆ ಜನ, ನಮ್ಮಿಂದಲೂ ತೆಗೆದುಕೊಳ್ಳಿ ಎಂದು ಪೌಲನನ್ನೇ ಬೇಡಿಕೊಂಡರು. ಮೊದಲು ತಮ್ಮನ್ನೇ ಕರ್ತನಿಗೆ ಕೊಟ್ಟುಕೊಂಡರು, ದುಡ್ಡು ಆಮೇಲೆ ಬಂತು. ಆ ಕ್ರಮ ತಿರುಗುಮುರುಗಾದರೆ ಕಾಣಿಕೆ ಬರೀ ಚಂದಾ ಆಗಿಬಿಡುತ್ತದೆ.

ಅದೇ ಪತ್ರದಲ್ಲಿ ಪೌಲ ಬಿತ್ತನೆಯ ಮಾತು ತೆಗೆಯುತ್ತಾನೆ. ನಾಲೆ ನೀರಿನ ಸೀಮೆಯವರಿಗಿಂತ ನಮ್ಮ ಬುಕ್ಕಾಪಟ್ಟಣ, ಪಾವಗಡದ ಕಡೆಯವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೂ ಮನೆಯಲ್ಲಿ ಹುರಿದು ತಿನ್ನಬಹುದಾದ ಕಡಲೆಕಾಯಿ ಬೀಜವನ್ನು ನಮ್ಮವರು ಹೊಲಕ್ಕೆ ಹಾಕುತ್ತಾರೆ. ಕೈಬಿಟ್ಟ ಬೀಜದ ಮೇಲೆ ಯಾರಿಗೂ ಹಿಡಿತವಿಲ್ಲ. ನೂರು ಕೊಟ್ಟರೆ ಸಾವಿರ ಬರುತ್ತದೆ ಎಂದು ಇದೇ ವಚನ ಹಿಡಿದು ಬೋಧಿಸುವವರು ನಿನಗೆ ಸಿಕ್ಕೇ ಸಿಗುತ್ತಾರೆ. ಅವರ ಹಿಂದೆ ಹೋಗಬೇಡ. ಫಲ ಬರುವುದು ಇನ್ನೂ ಧಾರಾಳವಾಗಿ ಕೊಡುವುದಕ್ಕಾಗಿ, ಪಡೆದವರು ದೇವರಿಗೆ ಸ್ತೋತ್ರ ಹೇಳುವುದಕ್ಕಾಗಿ ಎಂದು ಪೌಲ ಬರೆದಿದ್ದಾನೆ. ದೇವರ ಹತ್ತಿರ ಬಡ್ಡಿಗೆ ಹಣ ಇಡುವ ಮಾತು ಅಲ್ಲಿಲ್ಲ.

ಬಡ ವಿಧವೆಯ ಎರಡು ಕಾಸಿನ ಪ್ರಸಂಗವನ್ನು ನೀನು ಸಂಡೇಸ್ಕೂಲಿನಿಂದ ಕೇಳಿದ್ದೀಯೆ. ಆದರೆ ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಅದರ ಹಿಂದಿನ ವಚನವನ್ನೂ ಸೇರಿಸಿ ಓದಬೇಕು. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಗದರಿಸಿದ್ದಾನೆ. ಅದಾದ ಕೂಡಲೇ ಈ ವಿಧವೆ ಬಂದು ತನಗಿದ್ದದ್ದನ್ನೆಲ್ಲ ಹಾಕುತ್ತಾಳೆ. ಅವಳ ಮನಸ್ಸು ದೊಡ್ಡದು, ಸರಿ. ಆದರೆ ಆ ಕತೆಯನ್ನು ಬಡವರ ಕೈಯಿಂದ ಇನ್ನಷ್ಟು ಕೀಳುವುದಕ್ಕೆ ಬಳಸಿದರೆ ನಾವೂ ಆ ಶಾಸ್ತ್ರಿಗಳ ಸಾಲಿಗೇ ಸೇರುತ್ತೇವೆ. ಸುಗ್ಗಿ ಹಬ್ಬದ ಆರಾಧನೆಯಾದ ಮೇಲೆ ಬೆಳೆ ಹರಾಜು ನಡೆಯುತ್ತದಲ್ಲ, ಅಲ್ಲಿ ಒಂದು ಕುಂಬಳಕಾಯಿಗೆ ಪೈಪೋಟಿಯ ಮೇಲೆ ಬೆಲೆ ಏರುವಾಗ, ಒಂದು ಸೇರು ಹುರುಳಿ ತಂದಿಟ್ಟು ಹಿಂದೆ ಕೂತ ಅಜ್ಜಿಯ ಕಡೆ ನೋಡು. ಅವಳಿಗೆ ಮುಜುಗರವಾಗುವಂತೆ ಕೂಗಬೇಡ.

ಹಾಗಾದರೆ ಲೆಕ್ಕವೇ ಬೇಡವೇ ಅಂದರೆ, ಬೇಕು. ನಮ್ಮ ಪಕ್ಕದ ಗುಬ್ಬಿಗೆ 1839ರಲ್ಲಿ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಮಿಷನರಿ ಬಂದಿದ್ದರು. ಆರೋಗ್ಯ ಕೆಟ್ಟು ಎರಡೇ ವರ್ಷದಲ್ಲಿ ಹಿಂತಿರುಗಿದರು. ಮೈಸೂರು ಸೀಮೆಯ ಬಗ್ಗೆ ಪುಸ್ತಕ ಬರೆದವರು ಅವರೇ. 1855ರಲ್ಲಿ ಅವರು, ಆದಾಯದ ಗೊತ್ತಾದ ಒಂದು ಪಾಲನ್ನು ಕೊಟ್ಟುಬಿಡುವುದು ಕರ್ತವ್ಯ ಎಂದು ವಾದಿಸಿ ಉಪನ್ಯಾಸ ಮಾಡಿದರು. ನನಗೆ ಅದು ಒಪ್ಪಿಗೆ. ಮನಸ್ಸು ಬಂದಾಗ ಕೊಡುತ್ತೇನೆ ಎನ್ನುವವನಿಗೆ ಮನಸ್ಸು ಬರುವುದೇ ಕಮ್ಮಿ. ಪೌಲನೂ ವಾರದ ಮೊದಲ ದಿನವೇ ತೆಗೆದಿಡಿ ಎಂದು ಬರೆದದ್ದುಂಟು. ಹತ್ತರಲ್ಲೊಂದನ್ನು ನೀನು ಹೊಸ್ತಿಲು ಅಂದುಕೊ, ದಾಟಿ ಒಳಗೆ ಹೋಗಬೇಕು.

ಯಾರಿಗೆ ಕೊಡಬೇಕೆಂಬುದೂ ವೇದದಲ್ಲಿದೆ. ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಅವರವರ ಊರಲ್ಲೇ ಕೂಡಿಟ್ಟು ಲೇವಿಯರಿಗೂ ಪರದೇಶಿಗೂ ಅನಾಥರಿಗೂ ವಿಧವೆಗೂ ಕೊಡಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಎಂದರೆ ಸಭೆಯ ಸೇವಕರ ಜೀವನಕ್ಕೂ ಬೇಕು, ನಿನ್ನ ಬೀದಿಯ ಹಸಿವಿಗೂ ಬೇಕು. ಯಾವ ಮತದವರು ಎಂದು ಕೇಳಬೇಡ. ನಿನ್ನ ಪಕ್ಕದಲ್ಲೇ ಸಿದ್ಧಗಂಗೆ ಇದೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಮಠದಲ್ಲಿ ಎಲ್ಲ ಜಾತಿ, ಎಲ್ಲ ಮತದ ಮಕ್ಕಳೂ ಉಂಡು ಓದಿದ್ದಾರೆ. ಹಳ್ಳಿಗಳ ರೈತರು ರಾಗಿ, ಬೇಳೆ ಒಯ್ದುಕೊಡುವುದನ್ನು ಕಂಡು ನಾವೂ ಕಲಿಯಬೇಕಾದ್ದಿದೆ.

ಕೊಟ್ಟ ಮೇಲೆ ಸಭೆಯಲ್ಲಿ ಲೆಕ್ಕ ಕೇಳು, ಸಂಕೋಚಪಡಬೇಡ. ಪೌಲನು ಯೆರೂಸಲೇಮಿನವರಿಗಾಗಿ ಆ ಹಣ ಕೂಡಿಸುವಾಗ ಯಾರೂ ತಪ್ಪು ಹೊರಿಸಬಾರದೆಂದು ತೀತನ ಜೊತೆ ಬೇರೆ ಸಹೋದರರನ್ನೂ ಕಳಿಸಿದ್ದ. ಅಪೊಸ್ತಲನೇ ಅಷ್ಟು ಎಚ್ಚರವಾಗಿದ್ದ ಮೇಲೆ ನಮ್ಮ ಖಜಾಂಚಿಗಳು ಬೇಸರಪಡಬೇಕಾಗಿಲ್ಲ. ಇನ್ನು ನಿನ್ನ ಹೆಸರು, ಅದು ಫ್ಯಾನಿನ ರೆಕ್ಕೆಯ ಮೇಲೂ ಬೇಡ, ಬೆಂಚಿನ ಬೆನ್ನಿನ ಮೇಲೂ ಬೇಡ.

ಒಂದು ಉಳಿಯಿತು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಬಹಳ ಕಟುವಾಗಿ ಖಂಡಿಸಿದ. ನಿನ್ನ ಅಮ್ಮ ಶುಗರ್ ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದಾಳೆ, ಮಗನಿಗೆ ಹೇಳಬೇಡಿ ಎಂದಿದ್ದಳು. ನಾನು ಹೇಳುತ್ತಿದ್ದೇನೆ. ಈ ಭಾನುವಾರ ದೇವಾಲಯಕ್ಕೆ ಹೋಗುವ ಮುಂಚೆ ಸಿರಾದ ಮೆಡಿಕಲ್ ಸ್ಟೋರಿಗೆ ಹೋಗಿ, ತಿಂಗಳಿಗಾಗುವಷ್ಟು ಮಾತ್ರೆ ತಂದುಕೊಡು.