ಗಡಿಬಿಡಿ ಕಂಪ್ಯೂಟರು, ನಿಧಾನದ ಸ್ವಿಚ್ಚು

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಸರ್ವರ್‌ನಿಂದಲೇ ಗ್ರೂಪ್ ಪಾಲಿಸಿ ಮೂಲಕ ಸಾಫ್ಟ್‌ವೇರ್ ಹಾಕಿಸುತ್ತೇವೆ. ಹಳೇ ಕಂಪ್ಯೂಟರ್‌ಗಳಿಗೆ ಅದು ಸರಿಯಾಗಿ ಬರುತ್ತದೆ. ಎಸ್‌ಎಸ್‌ಡಿ ಇರುವ ಹೊಸವಕ್ಕೆ ಮಾತ್ರ ಬರುವುದಿಲ್ಲ. ಲಾಗಿನ್ ಆದಮೇಲೆ ಜಿಪಿಅಪ್‌ಡೇಟ್ ಕೊಟ್ಟರೆ ಯಾವ ದೂರೂ ಇಲ್ಲ. ಹೊಸ ಯಂತ್ರಗಳಲ್ಲೇ ದೋಷವೇ?

ಉತ್ತರ: ಯಂತ್ರಗಳಲ್ಲಿ ದೋಷವಿಲ್ಲ, ಅವಕ್ಕೆ ಅವಸರ ಜಾಸ್ತಿ, ಅಷ್ಟೆ. ಬಸ್ಸು ಬರುವ ಮೊದಲೇ ಸ್ಟ್ಯಾಂಡಿಗೆ ಹೋಗಿ, ‘ಬಸ್ಸೇ ಇಲ್ಲ’ ಅಂತ ಮನೆಗೆ ವಾಪಸಾಗುವವರ ಹಾಗೆ. ಹಳೇ ಹಾರ್ಡ್‌ಡಿಸ್ಕ್ ಗೊರಗುಟ್ಟುತ್ತ ಏಳುವಷ್ಟರಲ್ಲಿ ನೆಟ್‌ವರ್ಕ್ ಸಿದ್ಧವಾಗಿರುತ್ತಿತ್ತು. ಎಸ್‌ಎಸ್‌ಡಿ ಆ ಬಿಡುವನ್ನು ಕಿತ್ತುಕೊಂಡಿದೆ.

ಊಹೆ ಬೇಡ, ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಬೂಟ್ ಆದ ಹೊತ್ತಿಗೆ 1129 ಎಂಬ ಸಂಖ್ಯೆ ಇದ್ದರೆ, ಡೊಮೇನ್ ಕಂಟ್ರೋಲರ್ ಸಿಗದೆ ಪಾಲಿಸಿ ಕೈಚೆಲ್ಲಿದೆ ಎಂದರ್ಥ. ನೆಟ್‌ಲಾಗಾನ್‌ನ 5719 ಕೂಡ ಸಾಮಾನ್ಯವಾಗಿ ಆಸುಪಾಸಿನಲ್ಲೇ ಇರುತ್ತದೆ. ಜಿಪಿಅಪ್‌ಡೇಟ್ ಸಲೀಸಾಗಿ ಮುಗಿಯುವುದನ್ನು ನೋಡಿ ಮೋಸ ಹೋಗಬೇಡಿ. ನೀವು ಅದನ್ನು ಕೊಡುವಾಗ ನೆಟ್‌ವರ್ಕ್ ಬಂದಾಗಿರುತ್ತದೆ. ಆದರೆ ಕಂಪ್ಯೂಟರಿಗೆ ವಹಿಸಿದ ಸಾಫ್ಟ್‌ವೇರ್ ಕೂರುವುದು ಬೂಟ್ ಆಗುವಾಗ ಮಾತ್ರ, ಹಿನ್ನೆಲೆಯ ರಿಫ್ರೆಶ್‌ನಲ್ಲಿ ಅಲ್ಲ.

ನೆಟ್‌ವರ್ಕ್ ಯಾಕೆ ತಡ? ನನ್ನ ಮೊದಲ ಅನುಮಾನ ಸ್ವಿಚ್ಚಿನ ಮೇಲೆ. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ಕಾವಲು ವ್ಯವಸ್ಥೆ ಇರುತ್ತದೆ. 1985ರಲ್ಲಿ ರಾಡಿಯಾ ಪರ್ಲ್‌ಮನ್ ರೂಪಿಸಿದ್ದು. ಕೇಬಲ್‌ಗಳು ಸುತ್ತುಹಾಕಿ ಇಡೀ ನೆಟ್‌ವರ್ಕ್ ಬೀಳದಂತೆ ಅದು ತಡೆಯುತ್ತದೆ. ಅದರ ಹಳೇ ಪದ್ಧತಿಯಲ್ಲಿ, ಪೋರ್ಟ್‌ಗೆ ಜೀವ ಬಂದ ಕೂಡಲೇ ಡೇಟಾ ಹರಿಯುವುದಿಲ್ಲ. 15 ಸೆಕೆಂಡ್ ಲಿಸನಿಂಗ್, ಮತ್ತೆ 15 ಸೆಕೆಂಡ್ ಲರ್ನಿಂಗ್. ದೀಪ ಮಿನುಗುತ್ತಿದ್ದರೂ ಡಿಎಚ್‌ಸಿಪಿ ಕೋರಿಕೆ ಸರ್ವರ್ ತಲುಪುವುದಿಲ್ಲ.

ಇದನ್ನು ಪರೀಕ್ಷಿಸಲು ಒಂದು ಅಗ್ಗದ ಉಪಾಯವಿದೆ. ಯಾವ ಸೆಟ್ಟಿಂಗೂ ಇಲ್ಲದ ಪುಟ್ಟ ಸ್ವಿಚ್ ಒಂದನ್ನು ತಂದು ಕಂಪ್ಯೂಟರ್ ಮತ್ತು ಗೋಡೆಯ ಸಾಕೆಟ್ ನಡುವೆ ಇಡಿ. ಅದಕ್ಕೆ ಕರೆಂಟ್ ಕೊಟ್ಟು ಒಂದೆರಡು ನಿಮಿಷ ಬಿಟ್ಟು ಕಂಪ್ಯೂಟರ್ ಆನ್ ಮಾಡಿ. ಕಂಪ್ಯೂಟರ್ ಆರಿದ್ದಾಗಲೂ ದೊಡ್ಡ ಸ್ವಿಚ್ಚಿನ ಪೋರ್ಟ್ ಎಚ್ಚರವಾಗಿಯೇ ಇರುವುದರಿಂದ ಕಾಯುವ ಪ್ರಮೇಯ ಬರುವುದಿಲ್ಲ. ಈಗ 1129 ಮಾಯವಾದರೆ ಕಳ್ಳ ಸಿಕ್ಕಿಬಿದ್ದ ಹಾಗೇ. ಕಂಪ್ಯೂಟರ್‌ಗಳು ಸೇರುವ ಪೋರ್ಟ್‌ಗಳಿಗೆ, ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಸೆಟ್ಟಿಂಗ್ ಹಾಕಿಸಿ. ಕೆಲವು ಕಂಪನಿಗಳ ಸ್ವಿಚ್‌ಗಳಲ್ಲಿ ಇದಕ್ಕೆ ಎಡ್ಜ್ ಪೋರ್ಟ್ ಅಂತಾರೆ. ಸ್ವಿಚ್ಚಿಗೆ ಸ್ವಿಚ್ಚು ಸೇರುವ ಪೋರ್ಟ್‌ಗಳಲ್ಲಿ ಮಾತ್ರ ಇದನ್ನು ಮುಟ್ಟಲೇಬೇಡಿ.

ಸ್ವಿಚ್ಚು ನಿಮ್ಮ ಕೈಯಲ್ಲಿಲ್ಲ, ಅದನ್ನು ನೋಡಿಕೊಳ್ಳುವವರು ಫೋನೇ ಎತ್ತುವುದಿಲ್ಲ ಅನ್ನಿ (ಇದು ಅಪರೂಪವೇನಲ್ಲ). ಆಗ ವಿಂಡೋಸಿಗೇ ತಾಳ್ಮೆ ಕಲಿಸಬೇಕು. ಕಂಪ್ಯೂಟರ್ ಪಾಲಿಸಿಯ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಲಾಗಾನ್ ಅಡಿಯಲ್ಲಿ ‘ಆಲ್ವೇಸ್ ವೇಟ್ ಫಾರ್ ದ ನೆಟ್‌ವರ್ಕ್’ ಎಂದು ಶುರುವಾಗುವ ಸೆಟ್ಟಿಂಗ್ ಇದೆ. ಬಹಳ ಮಂದಿ ಇದೊಂದನ್ನು ಆನ್ ಮಾಡಿ, ಕೆಲಸವಾಗಲಿಲ್ಲ ಅಂತ ಬೈದುಕೊಳ್ಳುತ್ತಾರೆ. ‘ಕಾಯಿ’ ಎಂದಷ್ಟೇ ಹೇಳುವ ಸೆಟ್ಟಿಂಗ್ ಅದು, ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ಅದಕ್ಕೆ ಸಿಸ್ಟಮ್‌ನ ಗ್ರೂಪ್ ಪಾಲಿಸಿ ವಿಭಾಗದಲ್ಲಿ ‘ಸ್ಟಾರ್ಟಪ್ ಪಾಲಿಸಿ ಪ್ರೊಸೆಸಿಂಗ್ ವೇಟ್ ಟೈಮ್’ ಬೇರೆಯೇ ಇದೆ. 60 ಸೆಕೆಂಡ್ ಇಟ್ಟು ನೋಡಿ. ಇದು ಗರಿಷ್ಠ ಮಿತಿ. ನೆಟ್‌ವರ್ಕ್ ಬೇಗ ಬಂದರೆ ಮುಂದೆ ಸಾಗುತ್ತದೆ.

ನೆಟ್‌ವರ್ಕಿಲ್ಲದೆ ಪಾಲಿಸಿ ಬರುವುದಿಲ್ಲ, ಮತ್ತೆ ಈ ಸೆಟ್ಟಿಂಗ್ ತಾನೇ ಹೇಗೆ ತಲುಪೀತು ಎಂದು ಕೇಳಬಹುದು. ಈ ಬಗೆಯ ಸೆಟ್ಟಿಂಗ್‌ಗಳು ಹಿನ್ನೆಲೆಯ ರಿಫ್ರೆಶ್‌ನಲ್ಲೂ ಇಳಿಯುತ್ತವೆ. ಅದು ಸುಮಾರು 90 ನಿಮಿಷಕ್ಕೊಮ್ಮೆ ತಾನೇ ನಡೆಯುತ್ತದೆ, ಅವಸರವಿದ್ದರೆ ನಿಮ್ಮ ಜಿಪಿಅಪ್‌ಡೇಟ್ ಇದ್ದೇ ಇದೆ. ಆಮೇಲೆ ಪರೀಕ್ಷಿಸುವಾಗ ‘ಶಟ್‌ಡೌನ್’ ಬೇಡ, ‘ರೀಸ್ಟಾರ್ಟ್’ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಆದ ಯಂತ್ರ ಅರೆನಿದ್ರೆಯಿಂದ ಏಳುತ್ತದೆಯೇ ಹೊರತು ಪೂರ್ತಿ ಬೂಟ್ ಆಗುವುದಿಲ್ಲ.