ಜ್ವರ ಇಳಿದರೆ ರೋಗ ಗುಣವಾದಂತೆಯೆ?

ಮಲೇರಿಯಾ ಜ್ವರಕ್ಕೆ ಕಾರಣವಾದ ಪರೋಪಜೀವಿಗಳಲ್ಲಿ ಫಾಲ್ಸಿಪೇರಂ ಎಂಬುದು ಅತ್ಯಂತ ಘಾತುಕವಾದುದು. ಕ್ಲೋರೋಕ್ವಿನ್ ಅದನ್ನು ಬಹುಕಾಲ ನಿಗ್ರಹಿಸಿತ್ತು. ಆದರೆ 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯ ದೇಶಗಳ ಗಡಿಯಲ್ಲಿ ಆ ಔಷಧಕ್ಕೆ ಮಣಿಯದ ರೋಗಾಣು ತಲೆದೋರಿತು. ಭಾರತದಲ್ಲಿ ಅಂಥದು 1973ರಲ್ಲಿ ಅಸ್ಸಾಮಿನಲ್ಲಿ ಮೊದಲು ಕಂಡುಬಂದಿತು.

ಒಂದೇ ಔಷಧವನ್ನು ನೆಚ್ಚಬಾರದೆಂಬುದು ಇದರಿಂದ ಮನವರಿಕೆಯಾಯಿತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರ್ಟಿಮಿಸಿನಿನ್ ಮೂಲದ ಸಂಯುಕ್ತ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರ್ಟಿಮಿಸಿನಿನ್ ವರ್ಗದ ಔಷಧವು ರೋಗಾಣುಗಳನ್ನು ಶೀಘ್ರವಾಗಿ ನಾಶಮಾಡುವುದಾದರೂ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮರೆಯಾಗುತ್ತದೆ. ದೀರ್ಘಕಾಲ ಉಳಿಯುವ ಜೊತೆಯ ಔಷಧವು ಶೇಷವನ್ನು ನಿರ್ಮೂಲಗೊಳಿಸುತ್ತದೆ. ಎರಡನ್ನೂ ಏಕಕಾಲದಲ್ಲಿ ಎದುರಿಸಬಲ್ಲ ರೋಗಾಣು ಹುಟ್ಟುವುದು ಅತಿ ವಿರಳ.

ಇಂಥ ಜೋಡಿಯನ್ನು ಜಟಿಲವಲ್ಲದ ಮಲೇರಿಯಾದಲ್ಲಿ ಪರೀಕ್ಷಿಸುವ ಕ್ರಮ ಗಮನಾರ್ಹವಾದುದು. ರೋಗಿಯು ಮಾತ್ರೆಗಳನ್ನು ಪರೀಕ್ಷಕರ ಎದುರಿನಲ್ಲಿಯೇ ನುಂಗಬೇಕು. ಮೂರು ದಿನಗಳ ಚಿಕಿತ್ಸೆ ಮುಗಿದರೂ ಪರೀಕ್ಷೆ ಮುಗಿಯದು. ಮೊದಲ ದಿನದಿಂದ 28 ಅಥವಾ 42 ದಿನಗಳವರೆಗೆ, ಗೊತ್ತುಪಡಿಸಿದ ದಿನಗಳಂದು ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗಾಣು ಮರಳಿ ಕಂಡರೆ ಅದು ಹಳೆಯದರ ಶೇಷವೋ, ಸೊಳ್ಳೆ ತಂದ ಹೊಸದೋ? ಮೊದಲ ಮತ್ತು ಅನಂತರದ ರಕ್ತದಲ್ಲಿನ ರೋಗಾಣುಗಳ ವಂಶವಾಹಿಗಳನ್ನು ಹೋಲಿಸಿ ಇದನ್ನು ನಿರ್ಣಯಿಸುತ್ತಾರೆ. ಚಿಕಿತ್ಸೆ ವಿಫಲವಾದವರಿಗೆ ಒಡನೆಯೇ ಬೇರೆ ಔಷಧ ಕೊಡಲಾಗುತ್ತದೆ. ವೈಫಲ್ಯವು ಶೇಕಡಾ 10ನ್ನು ಮುಟ್ಟಿದರೆ ಆ ಜೋಡಿಯನ್ನೇ ಬದಲಾಯಿಸಬೇಕಾಗುತ್ತದೆ.

ಜ್ವರ ಇಳಿದ ಮೇಲೂ ತಪ್ಪದೆ ಬಂದು ಒಂದು ಹನಿ ರಕ್ತ ಕೊಡುವ ರೋಗಿಯ ತಾಳ್ಮೆಯೇ ಈ ಪರೀಕ್ಷೆಗೆ ಆಧಾರ. ಅವನು ಬಾರದಿದ್ದರೆ ಸೋತ ಔಷಧವೂ ಗೆದ್ದಂತೆ ತೋರೀತು. ಅದರ ಬೆಲೆಯನ್ನು ಮುಂದಿನ ರೋಗಿ ತೆರಬೇಕಾದೀತು.